ಮೋತ್ಯಾ ತಿಂದ ಒಣದ್ರಾಕ್ಷಿ

ನಾನು ಒಂದು ನಾಯಿಯನ್ನು ಕೊಂದಿರಬಹುದು. ಖಚಿತವಾಗಿ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಗೊತ್ತಾಗುವುದಕ್ಕೇ ನನಗೆ ಮೂವತ್ತೆಂಟು ವರ್ಷ ಹಿಡಿಯಿತು. ಧಾರವಾಡದಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದಿ ಬಂದವನಿಗೆ ಪದವಿಯ ಜೊತೆಗೆ ಒಂದು ರೋಗವನ್ನೂ ಕೊಟ್ಟು ಕಳಿಸುತ್ತಾರೆ. ಯಾರು ಏನು ಹೇಳಿದರೂ 'ಅದಕ್ಕೆ ಪುರಾವೆ ಏನು' ಎಂದು ನಾಲಿಗೆ ತುರಿಸುವ ರೋಗ. ನೆಂಟರ ಮನೆಗಳಲ್ಲಿ ನನ್ನ ಪಕ್ಕ ಕೂತು ಮಾತಾಡುವವರು ಕಡಿಮೆ. 'ಇಂವಗ ಏನೂ ಹೇಳಬ್ಯಾಡ್ರಪಾ, ರಸೀದಿ ಕೇಳ್ತಾನ' ಎಂದು ನನ್ನ ಕಾಕಾ ಒಮ್ಮೆ ಪಂಕ್ತಿಯ ನಡುವೆಯೇ ಅಂದಿದ್ದರು. ಇತ್ತೀಚೆಗೆ ಈ ರೋಗ ಒಳಮುಖವಾಗಿ ತಿರುಗಿದೆ. ಪರರ ಮಾತನ್ನು ಬಿಟ್ಟು ನನ್ನ ನೆನಪನ್ನೇ ಅನುಮಾನಿಸತೊಡಗಿದ್ದೇನೆ. ಸಿಂದಗಿಯ ಬಸ್ ನಿಲ್ದಾಣದವರೆಗೆ ಹೋಗಿ, ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಬಂದು ನೋಡಿದರೆ ಕೀಲಿ ಹಾಕಿರುತ್ತದೆ. ಮತ್ತೆ ನಿಲ್ದಾಣಕ್ಕೆ ಹೋದ ಮೇಲೆ, ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ ಶುರುವಾಗುತ್ತದೆ.

ನಮ್ಮ ಮನೆತನದಲ್ಲಿ ಒಂದು ಕತೆ ಇದೆ. ನಮ್ಮೂರು ಇಂಡಿ ತಾಲೂಕಿನ ಒಂದು ಹಳ್ಳಿ. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕನನ್ನು ಮುದ್ದೇಬಿಹಾಳಕ್ಕೆ ಕೊಟ್ಟರು. ಮದುವೆಯ ಮರುದಿನ ಅವಳನ್ನು ಕೂಡಿಸಿಕೊಂಡು ಹೋದ ಟೆಂಪೋದ ಹಿಂದೆ ನಮ್ಮ ನಾಯಿ ಮೋತ್ಯಾ ಹಳ್ಳದವರೆಗೆ ಓಡಿತಂತೆ. ಅಲ್ಲಿಂದ ತಿರುಗಿ ಬಂದು ಹೊಸ್ತಿಲ ಮೇಲೆ ಮುಖವಿಟ್ಟು ಮಲಗಿತಂತೆ. ರೊಟ್ಟಿ ಮುಟ್ಟಲಿಲ್ಲವಂತೆ. ಏಳನೆಯ ದಿನ ಸತ್ತಿತಂತೆ. ಮನೆಗೆ ಯಾರೇ ಹೊಸದಾಗಿ ಬರಲಿ, ಮೊದಲ ವಾರದಲ್ಲೇ ಈ ಕತೆ ಕೇಳಬೇಕು. ಕೊನೆಯಲ್ಲಿ 'ಆ ನಾಯಿಗಿದ್ದ ಅಂತಃಕರಣ ಈಗಿನ ಮಂದಿಗಿಲ್ಲ' ಎಂದು ಸೇರಿಸಿ ಹೊಸ ಸೊಸೆಯ ಮುಖ ನೋಡುವುದು ರೂಢಿ. ನನ್ನ ಹೆಂಡತಿ ಸುಜಾತಾಳೂ ಹಾಗೆ ನೋಡಿಸಿಕೊಂಡವಳೇ. ನಾನು ಮಾತ್ರ ಪದವಿ ಪಡೆದಾಗಿನಿಂದ ಈ ಕತೆ ಬಂದಾಗಲೆಲ್ಲ ನಗುತ್ತಿದ್ದೆ. 'ನಾಯಿಗೆ ಕಾಮಾಲೆ ಆಗಿರಬೇಕು, ಅದಕ್ಕೂ ಲಗ್ನಕ್ಕೂ ಏನು ಸಂಬಂಧ' ಎನ್ನುತ್ತಿದ್ದೆ. ಅಕ್ಕ ಎದುರಿಗಿದ್ದರೆ ಅನ್ನುತ್ತಿರಲಿಲ್ಲ. ಅಷ್ಟು ಬುದ್ಧಿ ಪದವಿಗಿಂತ ಮೊದಲೇ ಇತ್ತು.

ಮೋತ್ಯಾ ಕಂದು ಬಣ್ಣದ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಯಾವುದು ಎಡ, ಯಾವುದು ಬಲ ಎಂದು ಕೇಳಬೇಡಿ. ಅವನಿಗೆ ನಾಯಿಯ ಊಟ ಎಂಬುದು ಬೇರೆ ಇರಲಿಲ್ಲ. ಅವ್ವ ರೊಟ್ಟಿ ಬಡಿದು ಮುಗಿಸುವಾಗ ಪರಾತದ ಅಂಚಿಗೆ ಅಂಟಿದ ಹಿಟ್ಟನ್ನೆಲ್ಲ ಕೆರೆದು ಕೂಡಿಸಿ ಕೊನೆಗೊಂದು ದಪ್ಪ ಗಿಡ್ಡ ರೊಟ್ಟಿ ಮಾಡುತ್ತಿದ್ದಳು. ಅದು ಮೋತ್ಯಾನದು. ಅದರ ಮೇಲೆ ಉಳಿದ ಝುಣಕಾ, ಪುಂಡಿಪಲ್ಯದ ತಳ, ಎಣಗಾಯಿಯ ಎಣ್ಣೆ. ಅಪ್ಪ ಕುಡಿದು ಬಿಟ್ಟ ಚಹಾ ತೆಂಗಿನ ಚಿಪ್ಪಿನಲ್ಲಿ. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುವಾಗ ಅಪ್ಪ ಮುಂದೆ ಮುಂದೆ ಕಡುಬು, ಪಲ್ಯ, ಅನ್ನ ಕಲಸಿದ್ದನ್ನು ಭೂಮಿಗೆ ಚೆಲ್ಲುತ್ತ ಹೋದರೆ, ಮೋತ್ಯಾ ಹಿಂದೆ ಹಿಂದೆ ಅದನ್ನೆಲ್ಲ ಸ್ವಚ್ಛ ಮಾಡುತ್ತ ಬರುತ್ತಿದ್ದ. ದೇವರ ನೈವೇದ್ಯ ನಾಯಿ ತಿನ್ನುತ್ತಿದೆ ಎಂದು ನಾನು ಕಲ್ಲು ಎತ್ತಿಕೊಂಡರೆ ಅಪ್ಪ, 'ತಿನ್ನಲಿ ಬಿಡು, ಭೂಮಿತಾಯಿಗೆ ಬಾಯಿ ಎಲ್ಲೈತಿ, ಇವನ ಬಾಯಿಲೇ ತಿಂತಾಳ' ಎಂದಿದ್ದರು. ಅಪ್ಪನೇ ಅಂದದ್ದೋ, ಪಕ್ಕದ ಹೊಲದವರು ಯಾರಾದರೂ ಅಂದದ್ದನ್ನು ನಾನು ಅಪ್ಪನ ಬಾಯಿಗೆ ಹಾಕಿದೆನೋ ಹೇಳಲಾರೆ. ಆ ದಿನದ ಬಿಳಿಜೋಳದ ಹೊಲ ಎದೆಮಟ್ಟ ನಿಂತು ಸರಬರ ಎನ್ನುತ್ತಿದ್ದುದು ಮಾತ್ರ ಈಗಲೂ ಕಿವಿಯಲ್ಲಿದೆ. ಅಕ್ಕ ಮೋತ್ಯಾನಿಗೆ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು, ಊದಿ ಊದಿ ಆರಿಸಿ, ಅಂಗೈಯಲ್ಲಿ ಇಟ್ಟು ತಿನ್ನಿಸುತ್ತಿದ್ದಳು. ನಮಗೆ ಯಾರೂ ಊದಿ ಕೊಟ್ಟದ್ದಿಲ್ಲ.

ಈಗ ಅಕ್ಕನಿಗೆ ಐವತ್ತೆಂಟು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿನ ಪೊರೆ ಬಲಿತುಬಿಟ್ಟಿದೆ, ಇನ್ನು ತಡಮಾಡಿದರೆ ಕಷ್ಟ ಎಂದು ವಿಜಯಪುರದ ಡಾಕ್ಟರು ಹೇಳಿದ್ದರು. ಗೂಟಕ್ಕೆ ತೂಗುಹಾಕಿದ್ದ ಭಾವನ ಅಂಗಿಗೆ 'ಯಾಕ ನಿಂತೀರಿ, ಕೂಡ್ರಿ' ಎಂದು ಅಕ್ಕ ಉಪಚಾರ ಮಾಡಿದ್ದಳೆಂದು ಭಾವನೇ ಫೋನಿನಲ್ಲಿ ಹೇಳಿದ್ದರು. ನಕ್ಕೇ ಹೇಳಿದ್ದರು, ಆದರೆ ಆ ನಗು ಪೂರ್ತಿ ಆಗಲಿಲ್ಲ. ವಿಜಯಪುರದಲ್ಲಿ ಅವರ ಮಗಳಿದ್ದಾಳೆ. ಅವಳ ಮನೆಯಲ್ಲಿ ಐದು ದಿನ ಇದ್ದು, ಆಪರೇಶನ್ ಮಾಡಿಸಿಕೊಂಡು, ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದರೆ ಮುಗಿಯಿತು. ಎಲ್ಲ ಸಿದ್ಧವಿತ್ತು. ಅಕ್ಕ ಮಾತ್ರ ಮೂರು ಸಲ ದಿನ ಗೊತ್ತುಮಾಡಿಸಿ ಮೂರು ಸಲವೂ ಹೋಗಲಿಲ್ಲ. ಕಾರಣ ಗುಂಡ್ಯಾ.

ಗುಂಡ್ಯಾ ಅಕ್ಕನ ಮನೆಯ ನಾಯಿ. ಮೋತ್ಯಾ ಸತ್ತ ಮೇಲೆ ನಾಯಿ ಸಾಕುವುದಿಲ್ಲ ಎಂದಿದ್ದ ಅಕ್ಕನ ಮೆಟ್ಟಿಲ ಮೇಲೆ ಹೋದ ವರ್ಷ ತಾನಾಗಿ ಬಂದು ಕೂತದ್ದು, ಕೂತೇಬಿಟ್ಟಿತು. ಭಾವ ಫೋನ್ ಮಾಡಿ, 'ಮಾಸ್ತರ, ನಿಮ್ಮ ಅಕ್ಕಗ ನೀವ ಹೇಳ್ರಿ. ಈ ಮನ್ಯಾಗ ನನ್ನ ಮಾತು ಗುಂಡ್ಯಾನೂ ಕೇಳೂದಿಲ್ಲ' ಎಂದರು. ನಾನು ಅಕ್ಕನಿಗೆ ಫೋನು ಮಾಡಿ ಪೊರೆಯ ಬಗ್ಗೆ, ಕಣ್ಣಿನ ಮಸೂರದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ಅಕ್ಕ ಎಲ್ಲವನ್ನೂ ಕೇಳಿ, 'ಬಸ್ಯಾ, ನಾ ಬಿಟ್ಟು ಬಂದು ಒಂದು ನಾಯಿ ಜೀವ ತಗೊಂಡೇನಿ. ಎರಡನೇದ್ದು ನನ್ನಿಂದ ಆಗೂದಿಲ್ಲ. ಕಣ್ಣು ಹೋದ್ರ ಹೋಗಲಿ' ಎಂದಳು.

ನಾನು ಇಷ್ಟು ವರ್ಷ ನಗುತ್ತಿದ್ದ ಕತೆ ಅಕ್ಕನ ಕಣ್ಣಿಗೆ ಅಡ್ಡ ನಿಂತದ್ದು ಆಗಲೇ ತಿಳಿದದ್ದು. ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹತ್ತಿರವಿತ್ತು. ನಾನೇ ಬಂದು ಐದು ದಿನ ಗುಂಡ್ಯಾನನ್ನು ನೋಡಿಕೊಳ್ಳುತ್ತೇನೆ ಎಂದೆ. 'ಅದಕ್ಕ ಏನ ಹಾಕಬೇಕು, ಏನ ಹಾಕಬಾರದು, ನಿನಗರ ಗೊತ್ತೈತೇನು?' ಎಂದು ಅಕ್ಕ ಕೇಳಿದಳು. ಗೊತ್ತಿಲ್ಲದ್ದನ್ನು ಓದಿ ತಿಳಿಯುವುದೇ ನನ್ನ ಕಸುಬು. ಅಂದು ಸಂಜೆ ಫೋನಿನಲ್ಲಿ ನಾಯಿಗಳಿಗೆ ಆಗುವ, ಆಗದ ಮನುಷ್ಯರ ಆಹಾರ ಎಂಬ ಪಟ್ಟಿ ತೆಗೆದು ಕೂತೆ. ಆಗದ ಪಟ್ಟಿಯಲ್ಲಿ ಮೊದಲು ಚಾಕೊಲೇಟು. ಅದು ನಮ್ಮ ಕಾಲದಲ್ಲಿ ನಮಗೇ ಸಿಗುತ್ತಿರಲಿಲ್ಲ. ಆಮೇಲೆ ಉಳ್ಳಾಗಡ್ಡಿ. ಹಸಿಯದಾಗಲಿ, ಬೇಯಿಸಿದ್ದಾಗಲಿ, ಪುಡಿಯಾಗಲಿ, ನಾಯಿಯ ರಕ್ತವನ್ನೇ ಕೆಡಿಸುತ್ತದಂತೆ. ಆಮೇಲೆ ಬಳ್ಳೊಳ್ಳಿ. ಚಹಾ, ಕಾಫಿ. ಬೇಯಿಸಿದ ಎಲುಬು. ಸಕ್ಕರೆ ಇಲ್ಲದ ಸಿಹಿಗೆಂದು ಹಾಕುವ ಒಂದು ಪದಾರ್ಥ. ಲಿಂಬೆಯೂ ಹೊಟ್ಟೆಗೆ ಒಳ್ಳೆಯದಲ್ಲ. ಓದುತ್ತ ಹೋದಂತೆ ಅದು ಯಾರೋ ನಮ್ಮ ಅಡುಗೆಮನೆಯಲ್ಲಿ ನಿಂತು ಬರೆದ ಪಂಚನಾಮೆಯಂತೆ ಕಾಣತೊಡಗಿತು. ಮುದ್ದೇಬಿಹಾಳ, ಬಾಗೇವಾಡಿ ಕಡೆಯವರು ಬೆಳೆಯುವ ಉಳ್ಳಾಗಡ್ಡಿ ಆಗದು, ಇಂಡಿಯವರ ಲಿಂಬೆ ಆಗದು, ಎಲ್ಲರೂ ಕುಡಿಯುವ ಚಹಾ ಆಗದು. ಆಗುವ ಪಟ್ಟಿ ನೋಡಿದೆ: ಬೇಯಿಸಿದ ಕುಂಬಳಕಾಯಿ, ಗಜ್ಜರಿ, ಸಪ್ಪಗಿನ ಅನ್ನ, ಬೇಯಿಸಿದ ತತ್ತಿ, ಎಲುಬು ತೆಗೆದ ಕೋಳಿ, ಬೀಜ ತೆಗೆದ ಕಲ್ಲಂಗಡಿ. ಉಪ್ಪು, ಖಾರ, ಒಗ್ಗರಣೆ ಇಲ್ಲದೆ. ಇದು ನಮ್ಮ ಕಡೆ ಬಾಣಂತಿಗೂ ಹಾಕದ ಪಥ್ಯ.

ಇನ್ನು ಮುಗಿಯಿತು ಎನ್ನುವಾಗ ಕೆಳಗೆ ಒಂದು ಸಾಲು ಇತ್ತು. ದ್ರಾಕ್ಷಿ ಮತ್ತು ಒಣದ್ರಾಕ್ಷಿ. ಕೆಲವು ನಾಯಿಗಳಿಗೆ ಏನೂ ಆಗದು. ಕೆಲವಕ್ಕೆ ಸ್ವಲ್ಪವೇ ತಿಂದರೂ ಮೂತ್ರಪಿಂಡ ಕೆಡುತ್ತದೆ. ವಾಂತಿ, ಆಹಾರ ಬಿಡುವುದು, ಮಂಕಾಗಿ ಮಲಗುವುದು, ಕೆಲವು ದಿನಗಳಲ್ಲಿ ಸಾವು. ಯಾವ ನಾಯಿಗೆ ಹೀಗಾಗುತ್ತದೆ ಎಂದು ಮುಂಚೆ ಹೇಳಲಾಗದು.

ಅಕ್ಕನ ಮದುವೆಗೆ ಇಂಡಿಯ ಕಡೆಯ ದೊಡ್ಡಪ್ಪ ತಮ್ಮ ತೋಟದ ಒಣದ್ರಾಕ್ಷಿಯ ಚೀಲ ತಂದುಕೊಟ್ಟಿದ್ದರು, ಹುಗ್ಗಿಗೆ ಹಾಕಲು. ಉಗ್ರಾಣದ ಕತ್ತಲೆ, ಚೀಲದ ಬಾಯಿ, ಅದರೊಳಗೆ ನನ್ನ ಕೈ, ಅಂಗೈಯಲ್ಲಿ ಒಂದಕ್ಕೊಂದು ಅಂಟಿದ ದ್ರಾಕ್ಷಿ, ಅದನ್ನು ನೆಕ್ಕುವ ಮೋತ್ಯಾನ ನಾಲಿಗೆ. ಇದೆಲ್ಲ ಫೋನಿನ ಆ ಸಾಲಿನ ಮೇಲೆ ಬಂದು ನಿಂತಿತು. ಹಾಗಾದರೆ ಮೋತ್ಯಾ ಅಕ್ಕನ ಅಗಲಿಕೆಯಿಂದ ಸಾಯಲಿಲ್ಲ. ನಾನು ಕೊಟ್ಟ ದ್ರಾಕ್ಷಿಯಿಂದ ಸತ್ತ. ಇದನ್ನು ಅಕ್ಕನಿಗೆ ಹೇಳಿದರೆ ಅವಳ ಮೇಲಿನ ಭಾರ ಇಳಿಯುತ್ತದೆ. ಅವಳು ನಿಶ್ಚಿಂತೆಯಿಂದ ವಿಜಯಪುರಕ್ಕೆ ಹೋಗುತ್ತಾಳೆ. ಭಾರ ನನ್ನ ಮೇಲೆ ಬರುತ್ತದೆ, ಬರಲಿ. ಆದರೆ ಹೇಳುವುದು ನಿಜವಾಗಿರಬೇಕಲ್ಲ. ಈ ನೆನಪು ಮೊದಲೇ ಇತ್ತೋ, ಪಟ್ಟಿ ಓದಿದ ಮೇಲೆ ಹುಟ್ಟಿತೋ? ಇಷ್ಟು ವರ್ಷ ಎಲ್ಲಿತ್ತು ಇದು?

ಸುಜಾತಾಳನ್ನು ಕೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ. 'ನಿನ್ನಿ ತಂದ ಹಾಲಿನ ಪಾಕೀಟು ಕಪಾಟಿನಾಗ ಇಟ್ಟು ಬಂದೀರಿ. ಅದು ನೆನಪಿಲ್ಲ. ಮೂವತ್ತೆಂಟು ವರ್ಷದ ಹಿಂದ ನಾಯಿ ತಿಂದ ದ್ರಾಕ್ಷಿ ನೆನಪೈತಿ' ಎಂದಳು. ಇದು ಸಾಕ್ಷ್ಯವಲ್ಲ, ಟೀಕೆ ಎಂದುಕೊಂಡು ದಸ್ತಗೀರ ಸಾಹೇಬರ ಹತ್ತಿರ ಹೋದೆ. ಅವರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ಮುಂಜಾನೆ ನಮ್ಮ ಓಣಿಯ ತುದಿಯ ಚಹಾದಂಗಡಿಯಲ್ಲಿ ಸಿಗುತ್ತಾರೆ. ನಾನು ಪ್ರಕರಣವನ್ನೆಲ್ಲ ಹೇಳಿದೆ.

'ಎಷ್ಟು ತಿಂದಿತ್ರಿ?' ಎಂದರು.

'ಗೊತ್ತಿಲ್ರಿ.'

'ವಾಂತಿ ಮಾಡಿತ್ತೇನ್ರಿ?'

'ಮಾಡಿರಬೇಕ್ರಿ.'

'ಮಾಡಿರಬೇಕು ಅಂದ್ರ ಏನ್ರಿ ಸರ? ಮಾಡಿತ್ತೋ, ಇಲ್ಲೋ?'

'ಪಟ್ಟಿಯೊಳಗ ಹಂಗ ಬರದಾರ್ರಿ.'

ಸಾಹೇಬರು ಬಸಿಯಲ್ಲಿದ್ದ ಚಹಾ ಮುಗಿಸಿದರು. 'ಪಟ್ಟಿ ಸತ್ತಿಲ್ಲಲ್ರಿ ಸರ. ಸತ್ತದ್ದು ನಾಯಿ.' ಆಮೇಲೆ ನನ್ನ ಮುಖ ನೋಡಿ ಕರುಣೆ ಬಂದಿರಬೇಕು. 'ದ್ರಾಕ್ಷಿ ತೋಟದಾಗ ಬಿದ್ದದ್ದು ತಿಂದು ಆರಾಮ ಅಡ್ಡಾಡೂ ನಾಯಿ ನೋಡೇನ್ರಿ. ಒಂದು ಮುಷ್ಟಿ ತಿಂದು ಹೋದದ್ದೂ ನೋಡೇನಿ. ಹಿಂಗ ಅಂತ ಹೇಳಾಕ ಬರೂದಿಲ್ಲ. ಅದಕ್ಕ ಹಾಕಬಾರದು, ಅಷ್ಟ.'

ಹೇಳಲಾಗದು ಎಂದು ಪಟ್ಟಿಯೂ ಹೇಳಿತು, ಸಾಹೇಬರೂ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನು ಮರುದಿನ ಮುದ್ದೇಬಿಹಾಳಕ್ಕೆ ಹೊರಟೆ. ದೇವರ ಹಿಪ್ಪರಗಿಯವರೆಗೆ ಕಾಲ ಬಳಿ ಯಾರದೋ ಉಳ್ಳಾಗಡ್ಡಿ ಚೀಲ. ಕಿಟಕಿಯ ಹೊರಗೆ ತೊಗರಿ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ತಪ್ಪೊಪ್ಪಿಗೆಯನ್ನು ಹೇಗೆ ಆರಂಭಿಸಬೇಕೆಂದು ಮೂರು ರೀತಿಯಲ್ಲಿ ಯೋಚಿಸಿದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಗುಂಡ್ಯಾನಿಗೆಂದು ಬಿಸ್ಕೀಟು ಕೊಳ್ಳಲು ಹೋಗಿ, ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತ ನಿಂತೆ. ಮೂರನೆಯ ಪೊಟ್ಟಣಕ್ಕೆ ಕೈಹಾಕಿದಾಗ ಅಂಗಡಿಯಾತ, 'ಅದು ತಿನ್ನೂ ಬಿಸ್ಕೀಟ್ರಿ, ಓದೂವಲ್ಲ' ಎಂದ. ಬಿಸ್ಕೀಟು ಕೊಳ್ಳದೆ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬೆರಳಲ್ಲಿ ತಡವಿ ತಡವಿ ಹರಳು ಹುಡುಕುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೇ 'ಬಾ ಬಸ್ಯಾ' ಎಂದಳು. ಗುಂಡ್ಯಾ ಅವಳ ಮೊಣಕಾಲಿಗೆ ಬೆನ್ನು ಆನಿಸಿ ಮಲಗಿತ್ತು. ಹೆಸರಿಗೆ ಗುಂಡ್ಯಾ, ಎಲುಬು ಎಣಿಸಬಹುದಾದ ಮೈ. ಅದು ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಇವನಿಂದ ಉಪಯೋಗವೂ ಇಲ್ಲ ಅಪಾಯವೂ ಇಲ್ಲ ಎಂದು ತೀರ್ಮಾನಿಸಿ ಮುಚ್ಚಿತು. ಬಸ್ಸಿನಲ್ಲಿ ಸಿದ್ಧಪಡಿಸಿದ ಮೂರೂ ಆರಂಭ ಮರೆತು ಹೋಗಿದ್ದವು.

'ಅಕ್ಕಾ, ಮೋತ್ಯಾ ನಿನ್ನ ಸಲುವಾಗಿ ಸತ್ತಿಲ್ಲ' ಎಂದೆ.

'ಮತ್ತ ಯಾರ ಸಲುವಾಗಿ ಸತ್ತಾನ?'

'ನನ್ನ ಸಲುವಾಗಿ.'

ಭಾವ ಟೀವಿಯ ಸದ್ದು ಇಳಿಸಿದರು. ನಾನು ಎಲ್ಲವನ್ನೂ ಹೇಳಿದೆ. ಉಗ್ರಾಣ, ಚೀಲ, ಅಂಗೈ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆಮ್ಲದ ಮೇಲೆ ಈಗ ಸಂಶಯವಿದೆ ಎಂಬುದನ್ನೂ, ನಾಯಿಯ ಮೂತ್ರಪಿಂಡ ಅದನ್ನು ತಾಳಲಾರದು ಎಂಬುದನ್ನೂ ಕಪ್ಪುಹಲಗೆ ಇಲ್ಲದ ಕೊರತೆಯನ್ನು ಕೈಯಲ್ಲಿ ತುಂಬಿಸುತ್ತ ವಿವರಿಸಿದೆ. ಅಕ್ಕ ಹರಳು ಹುಡುಕುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ, 'ನೀ ದ್ರಾಕ್ಷಿ ಹಾಕಿದ್ದು ನನಗ ಗೊತ್ತೈತಿ' ಎಂದಳು.

'ಹೆಂಗ ಗೊತ್ತು?'

'ನೀನ ಕಾಗದ ಬರದಿದ್ದಿ.'

ನಾನು ಕಾಗದ ಬರೆದದ್ದು ನನಗೆ ನೆನಪಿಲ್ಲ. ಅಕ್ಕ ಮೊರವನ್ನು ಕೆಳಗಿಟ್ಟಳು. ಹೊಸ ಮನೆ, ಹೊಸ ಮಂದಿ, ಯಾರ ಜೊತೆ ಏನು ಮಾತಾಡಬೇಕೆಂದು ತಿಳಿಯದ ದಿನಗಳಲ್ಲಿ ಬಂದ ಮೊದಲ ಕಾಗದ ಅದು. ಕಾಳಿನ ಕೋಣೆಯಲ್ಲಿ ನಿಂತು ಅದೆಷ್ಟು ಸಲ ಓದಿದ್ದಳೋ, ಬಾಯಿಪಾಠವೇ ಆಗಿತ್ತು. ಸಾಲಿ ಹುಡುಗರು ಪದ್ಯ ಒಪ್ಪಿಸುವಂತೆ ನೆಟ್ಟಗೆ ಕೂತು ಒಪ್ಪಿಸಿದಳು:

'ತೀರ್ಥರೂಪ ಸಮಾನಳಾದ ಅಕ್ಕಳಿಗೆ ನಿನ್ನ ತಮ್ಮ ಬಸವರಾಜನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ನಾವೆಲ್ಲರೂ ಕ್ಷೇಮ. ಮೋತ್ಯಾ ಮಾತ್ರ ಕ್ಷೇಮ ಇರುವುದಿಲ್ಲ. ನೀನು ಹೋದಾಗಿನಿಂದ ರೊಟ್ಟಿ ಮುಟ್ಟಿರುವುದಿಲ್ಲ. ನಿನ್ನೆ ನಾನು ಉಳಿದ ದ್ರಾಕ್ಷಿ ಕೊಟ್ಟೆನು. ನನ್ನ ಕೈಯಲ್ಲಿ ತಿಂದನು. ಇನ್ನು ಆರಾಮ ಆಗುತ್ತಾನೆ. ನೀನು ಕಾಳಜಿ ಮಾಡಬಾರದು. ನನಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಿರುತ್ತವೆ.'

ನನ್ನ ವಾದ ನನ್ನ ಕಾಗದದಿಂದಲೇ ಬಿದ್ದುಹೋಗಿತ್ತು. ಮೋತ್ಯಾ ಮೊದಲು ರೊಟ್ಟಿ ಬಿಟ್ಟಿದ್ದಾನೆ, ಆಮೇಲೆ ದ್ರಾಕ್ಷಿ ತಿಂದಿದ್ದಾನೆ. ಉಗ್ರಾಣದ ಚೀಲಕ್ಕೆ ಕೈಹಾಕಿದ ನೆನಪು ಮದುವೆಗೆ ಮೊದಲಿನದಲ್ಲ, ಅಕ್ಕ ಹೋದ ಮೇಲಿನದು. ಮನೆಯವರು ಹೇಳುತ್ತಿದ್ದ, ನಾನು ನಗುತ್ತಿದ್ದ ಆ ಕತೆಗೆ ಇರುವ ಒಂದೇ ಲಿಖಿತ ಆಧಾರ ನಾನೇ ಬರೆದದ್ದು. ಆದರೆ ರೋಗ ಸುಮ್ಮನಿರುತ್ತದೆಯೇ. ಈ ಸಾಕ್ಷಿದಾರನನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸತೊಡಗಿದೆ. ಆ ವರ್ಷ ಗಣಿತದಲ್ಲಿ ನನಗೆ ಬಂದದ್ದು ಮೂವತ್ತೊಂದು. ಇದರಲ್ಲಿ ಸಂಶಯವಿಲ್ಲ. ಅದರ ಗುರುತು ಬೆನ್ನ ಮೇಲೆ ಬಹಳ ದಿನ ಇತ್ತು. ಕೊನೆಯ ಸಾಲು ಸುಳ್ಳಾದರೆ ಉಳಿದ ಸಾಲುಗಳ ಗತಿ ಏನು?

'ಅಕ್ಕಾ, ಆ ನೂರಕ್ಕೆ ನೂರು ಸುಳ್ಳು.'

'ಅಯ್ಯ, ಅದನ್ನ ನಾ ಇಡೀ ಓಣಿಗೆ ತೋರಿಸಿದ್ನೆಲ್ಲೋ. ನಮ್ಮ ಅತ್ತಿ ಮುಂದನೂ ಓದಿದ್ದೆ.'

'ಆ ಕಾಗದ ಎಲ್ಲೈತಿ?'

'ಈ ಮನಿ ಕಟ್ಟಿಸೂವಾಗ ಸಾಮಾನು ಎಳದಾಡಿದ್ರಲ್ಲ, ಆವಾಗ ಎಲ್ಲಿ ಹೋತೋ.'

ಅಂದರೆ ಅದಕ್ಕೂ ಪುರಾವೆ ಇಲ್ಲ. ಭಾವ ನನ್ನ ಕಡೆ ನೋಡಿ, ಇದಕ್ಕಾಗಿಯೇ ನಿಮ್ಮನ್ನು ಕರೆಸಿದ್ದೆನೇ ಎಂಬಂತೆ ತಲೆಯಾಡಿಸಿ, ಟೀವಿಯ ಸದ್ದನ್ನು ಮತ್ತೆ ಏರಿಸಿದರು. ನಾನು ಬಂದ ಕೆಲಸ ಕೆಟ್ಟಿತ್ತು. ಮೋತ್ಯಾ ಅಗಲಿಕೆಯಿಂದ ಅನ್ನ ಬಿಟ್ಟಿದ್ದು ನಿಜವಾದರೆ ಅಕ್ಕ ಇನ್ನು ಎಂದಿಗೂ ಮನೆ ಬಿಡಲಾರಳು. ಅಕ್ಕ ಗುಂಡ್ಯಾನ ಕಿವಿ ತಡವಿದಳು. ಆಮೇಲೆ, 'ಹಂಗಾದ್ರ ಹೋಗ್ತೇನಿ' ಎಂದಳು.

ಟೀವಿ ಮತ್ತೆ ಸುಮ್ಮನಾಯಿತು.

'ಇಷ್ಟು ವರ್ಷ ನಾ ಅರ್ಧಾ ಕಾಗದನ್ನ ಎದಿಯಾಗ ಇಟ್ಕೊಂಡಿದ್ದೆ ನೋಡು. ರೊಟ್ಟಿ ಮುಟ್ಟಿಲ್ಲ ಅನ್ನೂದನ್ನ. ನನ್ನ ಕೈಯಲ್ಲಿ ತಿಂದನು ಅಂತನೂ ನೀ ಬರದಿದ್ದಿ. ಈಗ ಬಾಯಿಲೆ ಅಂದಾಗ ಕಿವಿಗೆ ಬಿತ್ತು. ಅವಂಗ ಬದುಕಬೇಕು ಅಂತ ಇತ್ತು. ತಿಂದಾನ. ನಿನ್ನ ಕೈಯಾಗ ಬ್ಯಾರೆ ಏನರ ಇದ್ದಿದ್ರ ಬದುಕತಿದ್ದ.' ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. 'ಈ ಸಲ ಬ್ಯಾರೆ ಹಾಕು.'

ಬೈಗುಳವೂ ಅಲ್ಲ, ಕ್ಷಮೆಯೂ ಅಲ್ಲ. ಕೆಲಸ ಹಚ್ಚಿದ್ದು.

ಎರಡು ದಿನದ ನಂತರ ಅಕ್ಕ, ಭಾವ ವಿಜಯಪುರಕ್ಕೆ ಹೋದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಗುಂಡ್ಯಾ ಬಾಗಿಲಲ್ಲಿ ನಿಂತಿತ್ತು. ಆಮೇಲೆ ಹೊಸ್ತಿಲ ಮೇಲೆ ಮುಖವಿಟ್ಟು ಮಲಗಿತು. ನನಗೆ ಆ ಭಂಗಿ ಇಷ್ಟವಾಗಲಿಲ್ಲ. ಮಧ್ಯಾಹ್ನ ಪಟ್ಟಿಯ ಪ್ರಕಾರ ಕುಂಬಳಕಾಯಿ ಬೇಯಿಸಿ, ಅನ್ನಕ್ಕೆ ಕಲಸಿ, ತತ್ತಿ ಒಡೆದು ಹಾಕಿ ಗಂಗಾಳ ಇಟ್ಟೆ. ಗುಂಡ್ಯಾ ಮೂಸಿತು. ಆವರ್ತ ಕೋಷ್ಟಕವನ್ನು ಮೊದಲ ಸಲ ನೋಡಿದ ವಿದ್ಯಾರ್ಥಿಯಂತೆ ನನ್ನ ಕಡೆ ನೋಡಿ, ಹೋಗಿ ಮಲಗಿತು. ಸಂಜೆಯೂ ಅಷ್ಟೇ. ಅಕ್ಕನ ಫೋನು ಬಂತು. ಆಪರೇಶನ್ ಮರುದಿನ ಮುಂಜಾನೆ ಇತ್ತು. ಮೊದಲ ಮಾತೇ 'ತಿಂದ?'

'ಎರಡು ರೊಟ್ಟಿ ತಿಂದ ಅಕ್ಕ' ಎಂದೆ.

ಪುರಾವೆ ಕೇಳುವ ಚಟ ನನಗಿದೆ, ಅವಳಿಗಿಲ್ಲ. 'ಹೌದಾ' ಎಂದು ಉಸಿರು ಬಿಟ್ಟಳು. ಮರುದಿನ ಅವಳ ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ಮತ್ತೆ ಫೋನು. ಗುಂಡ್ಯಾ ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ನಾನು ಈ ಸಲ 'ಎರಡೂವರೆ, ಮ್ಯಾಲ ಒಂದೀಟು ಮೊಸರು' ಎಂದೆ. ಸುಳ್ಳಿಗೆ ವಿವರ ಸೇರಿಸಬಾರದು ಎಂಬುದು ವರ್ಷವಿಡೀ ವಿದ್ಯಾರ್ಥಿಗಳ ರಜಾ ಅರ್ಜಿ ಓದುವ ನನಗೆ ಗೊತ್ತಿದ್ದದ್ದೇ. ಆದರೂ ಮೊಸರು ತಾನಾಗಿ ಬಂತು. ಹೊಸ್ತಿಲ ಮೇಲೆ ಆ ನಾಯಿ, ಅಲ್ಲಿ ಒಂದು ಕಣ್ಣು ಕಟ್ಟಿಕೊಂಡ ಅಕ್ಕ. ನನ್ನ ಮಾತು ನಂಬಿ ಹೋದವಳು. ದಸ್ತಗೀರ ಸಾಹೇಬರಿಗೆ ಫೋನು ಮಾಡಿದೆ.

'ನೀರು ಕುಡೀತೈತೇನ್ರಿ?'

'ಹೌದ್ರಿ.'

'ನೀವು ಅದರ ಮುಂದ ಏನ ಊಟ ಮಾಡಾಕತ್ತೀರಿ?'

'ರೊಟ್ಟಿ, ಝುಣಕಾ, ಶೇಂಗಾ ಚಟ್ನಿ, ಉಳ್ಳಾಗಡ್ಡಿ.'

'ನೀವು ಝಣಝಣ ತಿಂದು ಅದಕ್ಕ ಸಪ್ಪನ್ನ ಕುಂಬಳಕಾಯಿ ಇಟ್ರ ಅದಕ್ಕೇನು ಮಾನ ಇಲ್ಲೇನ್ರಿ ಸರ? ಅದಕ್ಕೇನ ಹಾಕ್ತೀರಿ ಅದನ್ನ ನೀವೂ ತಿನ್ರಿ. ಅದರ ಬಾಜೂಕ ನೆಲದ ಮ್ಯಾಲ ಕೂತು ತಿನ್ರಿ.'

ಇದಕ್ಕೆ ಶಾಸ್ತ್ರಾಧಾರವೇನು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಂಜೆ ನೆಲದ ಮೇಲೆ ಎರಡು ಗಂಗಾಳ ಇಟ್ಟು, ಉಪ್ಪಿಲ್ಲದ ಕುಂಬಳಕಾಯಿ ಅನ್ನ ಬಡಿಸಿಕೊಂಡು, ಗುಂಡ್ಯಾನ ಪಕ್ಕ ಕೂತು ಉಂಡೆ. ಅದು ನೋಡಿತು. ಮೂರನೆಯ ದಿನ ಮುಂಜಾನೆ ಸಪ್ಪಗಿನ ಗಜ್ಜರಿ. ಅದನ್ನೂ ಉಂಡೆ. ಅದು ಒಂದು ಮೊಳ ಹತ್ತಿರ ಬಂದು ನೋಡಿತು. ಮಧ್ಯಾಹ್ನ ನಾನು ಮೂರನೆಯ ತುತ್ತು ಎತ್ತುವಾಗ ಗಂಗಾಳಕ್ಕೆ ಹೋಗದೆ ನನ್ನ ಕೈಗೇ ಬಾಯಿ ಹಾಕಿತು. ಬಿಸಿ ಇತ್ತು. ಊದಿದೆ. ಅಂಗೈ ಚಾಚಿದೆ. ಬೆರಳ ಸಂದಿಯ ಅಗುಳೂ ಬಿಡದಂತೆ ನೆಕ್ಕಿತು. ಮೋತ್ಯಾನ ನಾಲಿಗೆಯೂ ಹೀಗೇ ಇತ್ತು ಎಂದು ಬರೆಯಲು ಬಹಳ ಆಸೆಯಾಗುತ್ತಿದೆ. ಆದರೆ ನೆನಪಿಲ್ಲ. ಅಂಗೈಗೆ ತಾಗಿದ್ದು ಗುಂಡ್ಯಾನದೇ. ಅದಾದ ಮೇಲೂ ಸ್ವಲ್ಪ ಹೊತ್ತು ಕೈ ತೊಳೆಯಲಿಲ್ಲ.

ಅಕ್ಕ ಐದನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿದಳು. ಗುಂಡ್ಯಾ ಅವಳ ಸುತ್ತ ಸುತ್ತಿ ಸೀರೆಯ ನೆರಿಗೆ ಬಿಚ್ಚಿಹೋಗುವಂತೆ ಮಾಡಿತು. ಪಡಸಾಲೆಯ ನೆರಳಿಗೆ ಬಂದು ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ಮೊದಲು ನಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನು.

'ಇಂವ ಬರೋಬರಿ ಅದಾನ. ನಿನಗೇನಾತೋ? ಮಾರಿ ಇಷ್ಟ ಆಗೇತಿ.'

'ಪಥ್ಯ' ಎಂದೆ.

'ಖರೇ ಹೇಳು ಬಸ್ಯಾ. ನಾ ಹೋದ ಮೊದಲ ದಿನ ತಿಂದಿದ್ನ?'

'ಎರಡು ರೊಟ್ಟಿ ತಿಂದಿದ್ದ ಅಕ್ಕ.'

ಅವಳು ಆ ಕಣ್ಣಿನಿಂದ ನನ್ನನ್ನು ಇನ್ನೊಂದು ಗಳಿಗೆ ನೋಡಿ ಒಳಗೆ ಹೋದಳು. ಇದಾಗಿ ಈಗ ಮೂರು ತಿಂಗಳು. ಎಡಗಣ್ಣಿನದೂ ಆಯಿತು. ಆ ಎರಡು ರೊಟ್ಟಿಯ ಸಂಗತಿಯನ್ನು ನಾನು ಅಕ್ಕನಿಗೆ, ಭಾವನಿಗೆ, ಅವರ ಮಗಳಿಗೆ, ಸುಜಾತಾಳಿಗೆ ಇಷ್ಟು ಸಲ ಹೇಳಿದ್ದೇನೆಂದರೆ ಇತ್ತೀಚೆಗೆ ಒಂದು ತೊಂದರೆ ಶುರುವಾಗಿದೆ. ಗುಂಡ್ಯಾ ಹೊಸ್ತಿಲ ಬಳಿ ಕೂತು ಮುಂಗಾಲಿನಿಂದ ರೊಟ್ಟಿ ಒತ್ತಿ ಹಿಡಿದು ಮುರಿದದ್ದು ಕಣ್ಣಿಗೆ ಕಾಣುತ್ತದೆ. ಒಂದನ್ನು ಪೂರ್ತಿ ತಿಂದು, ಎರಡನೆಯದರ ಅಂಚು ಸ್ವಲ್ಪ ಬಿಟ್ಟಿತ್ತು. ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು.